ಗರಡಿಮನೆಯಲ್ಲಿ ಮುರಿದ ಮೊಣಕೈ

೧೯೭೫ರ ಬೇಸಿಗೆಯ ಒಂದು ಮುಂಜಾನೆ ಬಬಲೇಶ್ವರದ ಗರಡಿಮನೆಯೊಂದರ ಬಾಗಿಲೊಳಗೆ, ಕೆಮ್ಮಣ್ಣಿನ ಅಂಕಣದ ಅಂಚಿನಲ್ಲಿ ನಾನು ನಿಂತಿದ್ದೆ. ಆಗ ವಿಜಾಪುರದ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದೆ. ಜಡವಾದ ಕೀಲು, ಸೋತ ಸ್ನಾಯುಗಳಿಗೆ ಶಾಖ ಮತ್ತು ವ್ಯಾಯಾಮದಿಂದ ಚಲನೆ ತರುವುದು ನನ್ನ ಕೆಲಸ. ಜನರ ಬಾಯಲ್ಲಿ ನಾನು ‘ತಿಕ್ಕೋ ಡಾಕ್ಟರ್’.

ದಸ್ತಗೀರ ಎಂಬ ತರುಣ ಪೈಲ್ವಾನನ ಬಲ ಮೊಣಕೈಯ ಕೀಲು ಕುಸ್ತಿಯಲ್ಲಿ ತಪ್ಪಿತ್ತು. ಪ್ಲಾಸ್ಟರ್ ತೆಗೆದ ಮೇಲೆ ಕೈ ಬಾಯಿಯವರೆಗೆ ಮಡಚುತ್ತಿರಲಿಲ್ಲ. ಅವನೇ ನಿಧಾನವಾಗಿ ಮಡಚಬೇಕು, ಬೇರೆಯವರು ಒತ್ತಬಾರದು ಎಂದಿದ್ದೆ. ಅವನು ಬರುವುದನ್ನು ನಿಲ್ಲಿಸಿದಾಗ ಹುಡುಕಿಕೊಂಡು ಹೋದೆ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಹೊಲಕ್ಕೆ ಹೊರಟಿದ್ದ ಅವನ ತಾಯಿ ಹುಸೇನಬಿ ಕುಡಗೋಲು ಹಿಡಿದು ಹೊಸ್ತಿಲಾಚೆ ನಿಂತಿದ್ದಳು.

ಒಳಗೆ ಇಬ್ಬರು ದಸ್ತಗೀರನನ್ನು ಅದುಮಿ ಹಿಡಿದಿದ್ದರು. ಕುಸ್ತಿ ಕಲಿಸಿದ ವಸ್ತಾದ ಮಲ್ಲಪ್ಪ ಎಣ್ಣೆ ಹಚ್ಚಿದ ಅವನ ಕೈಯನ್ನು ಮಡಚುತ್ತಿದ್ದ.

“ಬಿಡ್ರಿ, ಎಲುಬು ಮುರೀತೈತಿ!” ಎಂದೆ.

“ಬರ್ರಿ ತಿಕ್ಕೋ ಡಾಕ್ಟರ್, ನೀವು ತಿಂಗಳಗಟ್ಟಲೆ ಮಾಡೂದನ್ನ ನಾ ಒಂದ ಪಟ್ಟಿನ್ಯಾಗ ಮಾಡ್ತೇನಿ,” ಎಂದು ಮಲ್ಲಪ್ಪ ನಕ್ಕು ಮೈಭಾರವನ್ನೆಲ್ಲ ಹಾಕಿದ.

ಹಸಿ ಟೊಂಗೆ ಸೀಳಿದಂಥ ಸದ್ದು. ದಸ್ತಗೀರ ಕಿರುಚಿ ಮಣ್ಣು ಕಚ್ಚಿದ.

“ಬಿಚ್ಚಿತು ನೋಡ್ರಲೇ!” ಎಂದ ಮಲ್ಲಪ್ಪ. ಕೀಲು ಸಡಿಲಾಯಿತೆಂದೇ ಅವನು ತಿಳಿದಿದ್ದ. ಮಡಚಿದ ಕೈಯನ್ನು ಹಾಗೆಯೇ ತಲೆಗೆ ಸುತ್ತಿದ್ದ ಪಟಗದ ಬಟ್ಟೆಯಿಂದ ಬಿಗಿದ.

ಮಣಿಕಟ್ಟು ಮುಟ್ಟಿದೆ. ನಾಡಿ ಇರಲಿಲ್ಲ. ಬೆರಳು ಸುಣ್ಣದಂತಾಗಿದ್ದವು. ಮುರಿದ ಎಲುಬು ರಕ್ತನಾಳವನ್ನು ಒತ್ತಿತ್ತು. ಕಟ್ಟು ಬಿಚ್ಚದಿದ್ದರೆ ಕೈಯೇ ಹೋಗುತ್ತಿತ್ತು. ಗಂಟಿಗೆ ಕೈ ಹಾಕಿದಾಗ ಮಲ್ಲಪ್ಪ ನನ್ನ ಎದೆಗೆ ಗುದ್ದಿದ. ತಲೆ ಗೋಡೆಗೆ ಬಡಿಯಿತು.

“ಯವ್ವಾ, ಕೈ ಸಾಯಾಕತ್ತೈತಿ!” ಎಂದು ಕೂಗಿದೆ.

ಹುಸೇನಬಿ ಹೊಸ್ತಿಲು ದಾಟಿದಳು.

“ಹೊರಗ ನಡಿ ಬೇ, ಇದು ಗರಡಿ!”

“ನಿನ್ನ ಗರಡಿಗಿಷ್ಟು ಬೆಂಕಿ ಹಚ್ಚ, ಮಲ್ಲಣ್ಣಾ! ನನ್ನ ಮಗನ ಬೆರಳು ನೋಡು!”

ಅವಳು ಕಟ್ಟು ಕೊಯ್ಯಲು ಬಾಗಿದಾಗ ಮಲ್ಲಪ್ಪ ಕುಡಗೋಲಿನ ಅಲಗಿಗೇ ಕೈ ಹಾಕಿದ. ಅಂಗೈ ಸೀಳಿ ರಕ್ತ ದಸ್ತಗೀರನ ಎದೆಯ ಮೇಲೆ ಸುರಿಯಿತು. ಅವಳು ಕುಡಗೋಲು ಕಿತ್ತುಕೊಂಡು ಕಟ್ಟು ಹರಿದಳು. ನಾನು ಮೊಣಕೈಯನ್ನು ತುಸು ಸಡಿಲಿಸಿ ಹಿಡಿದೆ. ನಾಡಿ ಸಣ್ಣಗೆ ಮಿಡಿಯಿತು. ಹಲಗೆಯ ಆಸರೆ ಕೊಟ್ಟು ಜೀಪಿನಲ್ಲಿ ವಿಜಾಪುರಕ್ಕೆ ಒಯ್ದೆವು.

ಶಸ್ತ್ರಚಿಕಿತ್ಸೆಯಾಗಿ ಕೈ ಉಳಿಯಿತು, ಕುಸ್ತಿ ಮುಗಿಯಿತು. ಮುಂದೆ ಅವನನ್ನು ವ್ಯಾಯಾಮಕ್ಕೆ ಕರೆತರುತ್ತಿದ್ದವನು ಮಲ್ಲಪ್ಪನೇ. ಒಂದು ದಿನ ದಸ್ತಗೀರ ತಾನೇ ರೊಟ್ಟಿಯ ತುತ್ತು ಬಾಯಿಗಿಟ್ಟುಕೊಂಡಾಗ ಮಲ್ಲಪ್ಪ ಎದ್ದು ಹೊರಗೆ ಹೋದ. ಪ್ರೀತಿಯಿಂದ ಒತ್ತಿದರೂ ಎಲುಬು ಮುರಿಯುತ್ತದೆ. ಆಮೇಲೆ ರೋಗಿಯ ಮುಖ ನೋಡದೆ ಯಾರ ಕೀಲನ್ನೂ ನಾನು ಅಲುಗಿಸಲಿಲ್ಲ.

ಹುಸೇನಬಿ ಇಲ್ಲ, ಮಲ್ಲಪ್ಪನೂ ಇಲ್ಲ. ಅಂದು ಕಂಡವರಲ್ಲಿ ಈಗ ಬದುಕಿರುವವರು ನಾನು, ದಸ್ತಗೀರ ಮತ್ತು ಅವನ ಕಾಲು ಅದುಮಿ ಹಿಡಿದಿದ್ದ ನಿಡೋಣಿಯ ಶಿವಪ್ಪ.