ಹದಿನಾರು ಸೆಕೆಂಡಿನ ವ್ಯತ್ಯಾಸ

ಮುಳ್ಳಣ್ಣನನ್ನು ನಾನು ಮೊದಲು ಕಂಡ ದಿನ ಆತ ನನ್ನ ಕೈಗಳನ್ನು ತೋರಿಸುವಂತೆ ಹೇಳಿದ. ಆಗ ನಾನು ಶಾಲೆಯಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂಥ ನಾನು ಪುರಸಭೆಯ ಗ್ರಂಥಾಲಯದ ಮಹಡಿಯ ಮೇಲಿದ್ದ ಹಾಡಿನ ರೆಕಾರ್ಡುಗಳ ಕೋಣೆಯಲ್ಲಿ, ನನಗಿಂತ ನಾಲ್ಕೈದು ವರ್ಷ ಚಿಕ್ಕವನಾದ ಸಹಾಯಕನೊಬ್ಬನ ಮುಂದೆ ಅಂಗೈ ಚಾಚಿಕೊಂಡು ನಿಂತೆ.

"ಎಣ್ಣೆ ಇದೆ," ಎಂದ ಆತ. "ಅಲ್ಲಿ ನಲ್ಲಿ ಇದೆ, ಸೋಪೂ ಇದೆ. ತೊಳ್ಕೊಂಡು ಬನ್ನಿ ಮೇಷ್ಟ್ರೇ."

ನಾನು ಮೇಷ್ಟ್ರೆಂದು ಹೇಳಿರಲಿಲ್ಲ. ಅಂಗಿಯ ತೋಳಿಗೆ ಮೆತ್ತಿದ್ದ ಸೀಮೆಸುಣ್ಣ ಹೇಳಿರಬೇಕು.

"ನಾನು ರೆಕಾರ್ಡು ಮುಟ್ಟೋದೇ ಇಲ್ಲವಲ್ಲ. ನೀವೇ ತಾನೇ ಹಾಕೋದು?"

"ನೀವು ಲಕೋಟೆ ಮುಟ್ತೀರಿ. ಲಕೋಟೆ ತಟ್ಟೇನ ಮುಟ್ಟುತ್ತೆ. ತಟ್ಟೇನ ಮುಳ್ಳು ಮುಟ್ಟುತ್ತೆ. ಆಮೇಲೆ ಆ ಮುಳ್ಳಿಗೆ ಅಂಟಿದ್ದನ್ನ ನಾನು ಕೀಳಬೇಕು."

ನಾನು ಹೋಗಿ ಕೈ ತೊಳೆದು ಬಂದೆ. ಪಾಠದಲ್ಲಿದ್ದ ಪದ್ಯವೊಂದನ್ನು ಯಾರೋ ಹಾಡಿದ ರೆಕಾರ್ಡು ಬೇಕಾಗಿತ್ತು. ಆತ ಅದನ್ನು ಹುಡುಕಿ ತೆಗೆದು, ಅಂಚಿನಲ್ಲಿ ಮಾತ್ರ ಹಿಡಿದು, ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿ, ಮಗುವನ್ನು ಮಲಗಿಸುವಂತೆ ಮಲಗಿಸಿದ. ಮುಳ್ಳನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದರಿಂದಲೇ ಆತನಿಗೆ ಆ ಹೆಸರು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿತ್ತು. ಆ ಹೆಸರಿನಿಂದ ಕರೆದವರನ್ನು ನಾನು ಕಾಣೆ.

ಆ ಕೋಣೆ ದೊಡ್ಡದೇನಲ್ಲ. ಎರಡು ಕಿಟಕಿ, ಹದಿನೆಂಟು ಕುರ್ಚಿ, ಗೋಡೆಯುದ್ದಕ್ಕೂ ಮರದ ಕಪಾಟುಗಳು, ಅವುಗಳಲ್ಲಿ ಸಾವಿರದ ಇನ್ನೂರು ರೆಕಾರ್ಡುಗಳು. ಮಧ್ಯದ ಮೇಜಿನ ಮೇಲಿದ್ದ ರೆಕಾರ್ಡ್ ಪ್ಲೇಯರನ್ನು ಹೊರದೇಶದಲ್ಲಿದ್ದ ಪುಣ್ಯಾತ್ಮರೊಬ್ಬರು ದಾನವಾಗಿ ಕಳುಹಿಸಿದ್ದರು. ಅಲ್ಲಿನ ಕರೆಂಟಿನ ರೀತಿಯೇ ಬೇರೆಯಾದ್ದರಿಂದ ಅದು ಇಲ್ಲಿ ಮಂದವಾಗಿ ತಿರುಗುತ್ತಿತ್ತು. ಮೋಟಾರಿನ ತುದಿಗೆ ಬೆರಳ ಗಾತ್ರದ ಒಂದು ಗಾಲಿ. ಅದರಿಂದ ಒಂದು ರಬ್ಬರ್ ಬೆಲ್ಟು ರೆಕಾರ್ಡು ಕೂರುವ ತಟ್ಟೆಯನ್ನು ತಿರುಗಿಸುತ್ತದೆ. ಮುಳ್ಳಣ್ಣ ಆ ಗಾಲಿಗೆ ತೆಳುವಾದ ಬಟ್ಟೆಯ ಪಟ್ಟಿಯನ್ನು ಸುತ್ತು ಸುತ್ತಾಗಿ ಅಂಟಿಸಿ ದಪ್ಪಮಾಡಿದ. ಗಾಲಿ ದಪ್ಪವಾದಷ್ಟೂ ತಟ್ಟೆಯ ವೇಗ ಹೆಚ್ಚುತ್ತದೆ. ವೇಗ ಸರಿಯಾಯಿತೇ ಎಂದು ನೋಡಲು ಕಪ್ಪು ಗೆರೆಗಳಿರುವ ಒಂದು ದುಂಡನೆಯ ರಟ್ಟು ಆತನಲ್ಲಿತ್ತು. ಅದನ್ನು ತಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದರೆ, ವೇಗ ಸರಿಯಾಗಿದ್ದಾಗ ಗೆರೆಗಳು ನಿಂತಂತೆ ಕಾಣುತ್ತವೆ. ಮೊದಲ ವರ್ಷಗಳಲ್ಲಿ ಆತ ದಿನವೂ ನೋಡುತ್ತಿದ್ದ. ಬಳಿಕ ತಿಂಗಳಿಗೊಮ್ಮೆ. ಆಮೇಲೆ ಆ ರಟ್ಟನ್ನು ನಾನು ಕಂಡ ನೆನಪಿಲ್ಲ.

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಾನು ಆ ಕೋಣೆಗೆ ಹೋಗಿಬರುತ್ತಿದ್ದೆ. ಬುಧವಾರ ಸಂಜೆ ಐದು ಗಂಟೆಗೆ ಎಲ್ಲರೂ ಕೂಡಿ ಕೇಳುವ ವಾಡಿಕೆ. ಬರುವವರು ಹೆಚ್ಚುಕಡಿಮೆ ಅವರೇ: ಒಬ್ಬ ದರ್ಜಿ, ಔಷಧದಂಗಡಿಯ ಹಿರಿಯರು, ಅಂಚೆ ಕಚೇರಿಯ ಇಬ್ಬರು ಹೆಂಗಸರು, ಇನ್ನು ಕೆಲವರು. ಮುಳ್ಳಣ್ಣನ ತಂಗಿಯ ಮಗಳು ಶಾಲೆ ಬಿಟ್ಟೊಡನೆ ಬಂದು ಮೂಲೆಯಲ್ಲಿ ಕುಳಿತು ಮನೆಪಾಠ ಬರೆಯುತ್ತಿದ್ದಳು. ಬೆಳೆದು ದೊಡ್ಡವಳಾದ ಮೇಲೆ ಧ್ವನಿಮುದ್ರಣದ ಓದು ಮುಗಿಸಿ ಸ್ವಂತ ಸ್ಟುಡಿಯೋ ಇಟ್ಟಳು.

ಗ್ರಂಥಾಲಯದವರು ರೆಕಾರ್ಡುಗಳನ್ನೆಲ್ಲ ಡಿಜಿಟಲ್ ಮಾಡಿಸಲು ತೀರ್ಮಾನಿಸಿದಾಗ ಆ ಕೆಲಸ ಸಿಕ್ಕಿದ್ದೂ ಅವಳಿಗೇ. ಒಂದು ವರ್ಷ ದುಡಿದಳು. ತನ್ನ ಸ್ಟುಡಿಯೋದ ಯಂತ್ರದಲ್ಲಿ ಪ್ರತಿಯೊಂದನ್ನೂ ನುಡಿಸಿ, ಕಂಪ್ಯೂಟರಿಗೆ ಇಳಿಸಿ, ಚಿಟಚಿಟ ಸದ್ದು ತೆಗೆದು, ಮಂಕಾದದ್ದನ್ನು ತಿದ್ದಿ ಒಪ್ಪಮಾಡಿದಳು. ಆಗ ಆಡಳಿತ ಸಮಿತಿ ಕೇಳಿತು: ಇನ್ನು ಆ ಕೋಣೆ ಏಕೆ? ಪರೀಕ್ಷೆಗೆ ಓದುವವರಿಗೆ ಕೂರಲು ಜಾಗವಿಲ್ಲ; ರೆಕಾರ್ಡುಗಳನ್ನು ಉಗ್ರಾಣಕ್ಕೆ ಹಾಕಿದರಾಯಿತು.

ಮುಳ್ಳಣ್ಣನಿಗೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. "ನಾನು ಹೋಗೋದು ಹೇಗೂ ಇದೆ," ಎಂದ ನನ್ನೊಡನೆ. "ಕೋಣೆ ಉಳೀಬೇಕು ಮೇಷ್ಟ್ರೇ. ನನಗೆ ಇನ್ನೇನೂ ಬೇಡ." ಆತ ಏನನ್ನಾದರೂ ಬೇಕೆಂದು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಗ್ರಂಥಪಾಲಕಿ ನ್ಯಾಯವಂತ ಹೆಂಗಸು. ಒಂದು ದಾರಿ ಹೇಳಿದಳು. ಬುಧವಾರದವರೆಲ್ಲ ಸೇರಲಿ. ಪರದೆಯ ಹಿಂದಿನಿಂದ ಒಂದೇ ಹಾಡನ್ನು ರೆಕಾರ್ಡಿನಿಂದ ಒಮ್ಮೆ, ಡಿಜಿಟಲ್ ಪ್ರತಿಯಿಂದ ಒಮ್ಮೆ ಕೇಳಿಸೋಣ. ಯಾವುದು ಯಾವುದೆಂದು ತಿಳಿಸುವುದು ಬೇಡ. ಅರ್ಧಕ್ಕಿಂತ ಹೆಚ್ಚು ಮಂದಿ ರೆಕಾರ್ಡೇ ಚೆನ್ನ ಎಂದರೆ ಕೋಣೆಯನ್ನು ಉಳಿಸುವಂತೆ ಸಮಿತಿಗೆ ನಾನೇ ಬರೆಯುತ್ತೇನೆ ಎಂದಳು.

ಗೀರಿಲ್ಲದ ತಟ್ಟೆಯನ್ನೇ ಆರಿಸಿದರು. ಯಾವಾಗಲೋ ತೀರಿಕೊಂಡ ಗಾಯಕಿಯ ಹಾಡು. ಜೊತೆಗೆ ಒಂದು ಪಿಟೀಲು ಮಾತ್ರ. ಎರಡಕ್ಕೂ ಸ್ಪೀಕರು ಒಂದೇ, ಸದ್ದಿನ ಮಟ್ಟ ಒಂದೇ. ಚೀಟಿ ಹಂಚಿ ಕೂಡಿಸುವ ಕೆಲಸ ನನ್ನದು. ಹಳೆಯ ಅಭ್ಯಾಸ ನೋಡಿ. ಹಾಡು ಆರಂಭವಾದ ವೇಳೆ, ಮುಗಿದ ವೇಳೆಗಳನ್ನೂ ಹಾಳೆಯ ಅಂಚಿನಲ್ಲಿ ಬರೆದಿಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ.

ಹದಿನೇಳು ಜನರಲ್ಲಿ ಹದಿನಾಲ್ಕು ಮಂದಿ ರೆಕಾರ್ಡನ್ನು ಮೆಚ್ಚಿದರು.

"ಮೊದಲನೇದರಲ್ಲಿ ದನಿಗೊಂದು ತೂಕ ಇದೆ," ಎಂದರು ಔಷಧದಂಗಡಿಯವರು. "ಎರಡನೇದು ಸ್ವಚ್ಛವಾಗೇನೋ ಇದೆ. ಆದರೆ ಆಯಮ್ಮನಿಗೆ ಬಸ್ಸು ಹಿಡಿಯೋ ಅವಸರ."

"ಇಸ್ತ್ರಿ ಮಾಡಿಟ್ಟ ಹಾಗಿದೆ," ಎಂದ ದರ್ಜಿ. "ತೊಟ್ಟ ಬಟ್ಟೆ ಅನ್ನಿಸಲ್ಲ."

ತಂಗಿಯ ಮಗಳ ಮುಖ ಸಣ್ಣದಾಯಿತು. "ಸರಿ ಮಾವ, ನೀವೇ ಗೆದ್ರಿ. ಇನ್ನು ನಾನು ಸ್ಟುಡಿಯೋ ಮುಚ್ಚಿ ನಿಮ್ಮ ನಲ್ಲಿ ಹತ್ತಿರ ಸೋಪು ಹಿಡ್ಕೊಂಡು ನಿಲ್ತೀನಿ," ಎಂದು ನಕ್ಕು ಹೊರಟುಹೋದಳು.

ಎಲ್ಲರೂ ಹೋದ ಬಳಿಕ ಮುಳ್ಳಣ್ಣ ನನ್ನ ಹಾಳೆಯನ್ನು ಕೈಗೆತ್ತಿಕೊಂಡ. ಗೆಲುವನ್ನು ಮತ್ತೊಮ್ಮೆ ಕಣ್ಣಾರೆ ಕಾಣುವ ಆಸೆ ಇದ್ದೀತು. ಆದರೆ ಆತನ ಕಣ್ಣು ಅಂಚಿನಲ್ಲಿ ನಿಂತಿತು.

"ಮೇಷ್ಟ್ರೇ, ಈ ವೇಳೆ ಸರಿಯಾಗಿದೆಯಾ?"

"ಮೂವತ್ತು ವರ್ಷ ಪರೀಕ್ಷೆ ನಡೆಸಿದ್ದೀನಪ್ಪ. ಗಡಿಯಾರ ನೋಡೋದು ಬರುತ್ತೆ ನನಗೆ."

"ರೆಕಾರ್ಡು ಆರು ನಿಮಿಷ ಇಪ್ಪತ್ತು ಸೆಕೆಂಡು. ಅವಳದು ಆರು ನಿಮಿಷ ನಾಲ್ಕು."

"ಇದ್ದೀತು. ಅದಕ್ಕೇನು?"

"ಆಯಮ್ಮ ಎರಡು ಸಲ ಹಾಡಲಿಲ್ಲ ಮೇಷ್ಟ್ರೇ. ಒಂದೇ ಸಲ ಹಾಡಿದ್ದು."

ಲಕೋಟೆಯ ಹಿಂಬದಿಯನ್ನು ನೋಡಿದ. ಅಲ್ಲಿಯೂ ಆರು ನಿಮಿಷ ನಾಲ್ಕು ಸೆಕೆಂಡೆಂದೇ ಅಚ್ಚಾಗಿತ್ತು. ಮೇಜಿನ ಖಾನೆಯನ್ನೆಲ್ಲ ತಡಕಿ ಆ ಗೆರೆಯ ರಟ್ಟನ್ನು ಹೊರತೆಗೆದು, ಧೂಳೊರೆಸಿ, ತಟ್ಟೆಯ ಮೇಲಿಟ್ಟು ತಿರುಗಿಸಿದ. ನಾನೂ ಬಗ್ಗಿ ನೋಡಿದೆ. ಗೆರೆಗಳು ನಿಲ್ಲಲಿಲ್ಲ. ಒಂದರ ಬೆನ್ನಿಗೊಂದು ಹಿಂದಕ್ಕೆ ಸರಿಯುತ್ತಿದ್ದವು.

ಆತ ಬೆಲ್ಟನ್ನು ಬಿಚ್ಚಿ ಗಾಲಿಯ ಮೇಲೆ ಬೆರಳಾಡಿಸಿದ. ಬಟ್ಟೆಯ ಪಟ್ಟಿ ಕನ್ನಡಿಯಂತೆ ನುಣ್ಣಗಾಗಿತ್ತು. ವರ್ಷ ವರ್ಷವೂ ಕೂದಲೆಳೆಯಷ್ಟು ಸವೆದು ಗಾಲಿ ತೆಳ್ಳಗಾಗಿತ್ತು. ಅದರೊಡನೆ ಎಲ್ಲ ಹಾಡುಗಳೂ ನಿಧಾನವಾಗಿದ್ದವು, ಎಲ್ಲ ದನಿಗಳೂ ತಗ್ಗಿದ್ದವು. ಒಂದೇ ದಿನದಲ್ಲಿ ಆಗಿದ್ದರೆ ಯಾರಾದರೂ ಹೇಳುತ್ತಿದ್ದರು. ಔಷಧದಂಗಡಿಯವರು ಮೆಚ್ಚಿದ ತೂಕ ಇದೇ.

ನಾನು ಆಗ ಆಡಿದ ಮಾತನ್ನು ಮುಚ್ಚಿಡುವುದಿಲ್ಲ. "ಸುಮ್ಮನಿರು. ಜನಕ್ಕೆ ಯಾವುದು ಇಷ್ಟ ಅಂತ ಕೇಳಿದರು, ಜನ ಹೇಳಿದರು. ಗಾಲಿಯ ವಿಷಯ ಯಾರೂ ಕೇಳಿಲ್ಲ," ಎಂದೆ.

"ಅವರಿಗೆ ರೆಕಾರ್ಡು ಇಷ್ಟವಾದದ್ದಲ್ಲ. ಸವೆದ ಪಟ್ಟಿ ಇಷ್ಟವಾದದ್ದು."

"ಕೋಣೆ ಉಳೀತಲ್ಲ."

"ನಿಮ್ಮ ಹುಡುಗ ಯಾವನೋ ಕಾಪಿ ಹೊಡೆದು ಪಾಸಾದ ಅಂತಿಟ್ಕೊಳ್ಳಿ. ಸುಮ್ಮನಿರ್ತಿದ್ರಾ?"

"ನೀನು ಕಾಪಿ ಹೊಡೆದಿಲ್ಲವಲ್ಲ."

"ಈಗಿನವರೆಗೆ ಹೊಡೆದಿಲ್ಲ," ಎಂದು ಆತ ದೀಪ ಆರಿಸಿದ.

ಮರುದಿನ ಬೆಳಿಗ್ಗೆ ಗ್ರಂಥಪಾಲಕಿಗೆ ಎಲ್ಲವನ್ನೂ ಹೇಳಿದ. ಅವಳು ಬರೆದಿಟ್ಟಿದ್ದ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ತಾನೇ ಕೇಳಿಕೊಂಡ. ಕೋಣೆಯ ಬಾಗಿಲಿಗೆ ತನ್ನ ದುಂಡಕ್ಷರದಲ್ಲಿ ಒಂದು ಚೀಟಿ ಅಂಟಿಸಿದ: "ಕೆಲವು ವರ್ಷಗಳಿಂದ ಇಲ್ಲಿ ತಾವು ಕೇಳಿದ ಹಾಡುಗಳೆಲ್ಲ ಇರಬೇಕಾದುದಕ್ಕಿಂತ ನಿಧಾನವಾಗಿದ್ದವು. ಯಂತ್ರದ ದೋಷ. ನೋಡಿಕೊಳ್ಳಬೇಕಾದವನು ನಾನು. ಬುಧವಾರ ಮತ್ತೊಮ್ಮೆ ಕೇಳಿಸಲಾಗುವುದು." ನನ್ನ ವೃತ್ತಿಜೀವನದಲ್ಲಿ ಅನೇಕ ತಪ್ಪೊಪ್ಪಿಗೆಗಳನ್ನು ಓದಿದ್ದೇನೆ. 'ಆದರೆ' ಎಂಬ ಮಾತು ಇಲ್ಲದ್ದು ಅದೊಂದೇ.

ಸುದ್ದಿ ತಿಳಿದು ತಂಗಿಯ ಮಗಳು ಓಡಿ ಬಂದಳು. "ಮಾವ, ಎಂಥ ಮನುಷ್ಯರಪ್ಪಾ ನೀವು. ನಾನೂ ಚೀಟಿಯಲ್ಲಿ ನಿಮ್ಮದನ್ನೇ ಬರೆದಿದ್ದೆ, ಗೊತ್ತಾ? ಎಲ್ಲಿ ಕೆಡಿಸಿದೆ ಅಂತ ಎಲ್ಲಾ ಫೈಲೂ ಮತ್ತೆ ಕೇಳ್ತಾ ಕೂತಿದ್ದೆ."

"ನಿನ್ನ ಕಿವಿ ಕೆಟ್ಟದ್ದೂ ಇದೇ ಕೋಣೇಲಿ ತಾನೇ. ಇಲ್ಲೇ ಬೆಳೆದವಳು," ಎಂದ ಮುಳ್ಳಣ್ಣ. "ಬಾ, ಆ ಟ್ಯೂಬ್‌ಲೈಟು ಹಾಕು. ನನಗೆ ಗೆರೆ ಸರಿಯಾಗಿ ಕಾಣಲ್ಲ. ನೀನು ನೋಡಿ ಹೇಳು."

ಇಬ್ಬರೂ ಸೇರಿ ಹೊಸ ಪಟ್ಟಿ ಸುತ್ತಿದರು. ಆತ ಸುತ್ತುವುದು, ಆಕೆ ನೋಡುವುದು. "ಹಿಂದೆ ಹೋಗ್ತಿದೆ. ಇನ್ನೊಂದು ಸುತ್ತು. ಅಯ್ಯೋ, ಈಗ ಮುಂದಕ್ಕೆ ಓಡ್ತಿದೆ ಮಾವ. ಬಿಚ್ಚಿ." ಮೂರು ದಿನ ಹಿಡಿಯಿತು.

ಎರಡನೆಯ ಬುಧವಾರ ಬಂದವರು ಹದಿಮೂರು ಮಂದಿ. ಏಳು ಜನ ಡಿಜಿಟಲ್ ಪ್ರತಿಯನ್ನು ಮೆಚ್ಚಿದರು. ಪಿಟೀಲಿನ ತಂತಿಯ ಮೇಲೆ ಕಮಾನು ಹತ್ತುವುದು ಅದರಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ ಎಂದರು. ಮೂವರು ರೆಕಾರ್ಡೇ ಚೆನ್ನ, ದನಿ ಮುಂದೆ ಬಂದು ಕೂರುತ್ತದೆ ಎಂದರು. ಇಬ್ಬರು ವ್ಯತ್ಯಾಸ ತಿಳಿಯಲಿಲ್ಲವೆಂದು ಬರೆದರು. ಅವರಲ್ಲಿ ಒಬ್ಬ ನಾನು. ಔಷಧದಂಗಡಿಯವರು ಚೀಟಿಯನ್ನು ಕೊಡಲೇ ಇಲ್ಲ. ಹೊರಗೆ ಬಂದು ಮುಳ್ಳಣ್ಣನ ಕೈ ಹಿಡಿದು ಕೇಳಿದರು:

"ನಮಗೆ ಆ ಹಳೇದೇ ಬೇಕಲ್ಲಪ್ಪ. ಮತ್ತೆ ನಿಧಾನ ಮಾಡಿಕೊಡೋಕೆ ಆಗಲ್ವಾ?"

"ಹತ್ತಿಪ್ಪತ್ತು ವರ್ಷ ತಾಳಿಕೊಳ್ಳಿ," ಎಂದ ಮುಳ್ಳಣ್ಣ. "ತಾನೇ ಸವೆಯುತ್ತೆ."

ಕೋಣೆ ಹೋಯಿತು. ಈಗ ಅಲ್ಲಿ ಉದ್ದನೆಯ ಮೇಜುಗಳಿವೆ. ಪರೀಕ್ಷೆಗೆ ಓದುವವರು ತಲೆತಗ್ಗಿಸಿ ಕೂತಿರುತ್ತಾರೆ. ಅವರಿಗೆ ಆ ಜಾಗ ಬೇಕಾಗಿತ್ತೆಂಬುದೂ ನಿಜ. ಬುಧವಾರದ ಗುಂಪು ಚದುರಿತು. ಯಾರಾದರೂ ದಾರಿಯಲ್ಲಿ ಸಿಕ್ಕರೆ ಆರೋಗ್ಯದ ವಿಷಯ ಮಾತನಾಡುತ್ತೇವೆ. ಮುಳ್ಳಣ್ಣ ಉಳಿದ ತಿಂಗಳುಗಳನ್ನು ಪುಸ್ತಕಗಳಿಗೆ ಸಂಖ್ಯೆ ಬರೆಯುತ್ತಾ ಕಳೆದು ನಿವೃತ್ತನಾದ. ಆ ದಿನ ಆತನ ಹೆಂಡತಿ ನನ್ನೊಡನೆ ಹೇಳಿದ್ದು: "ಇಷ್ಟು ವರ್ಷ ಮನೇಲಿ ಹೇಳಿದ್ದಕ್ಕೆಲ್ಲ ನಿಧಾನ, ನಿಧಾನ ಅಂತಿದ್ರು. ಯಾಕೆ ಅಂತ ಈಗ ತಿಳೀತು."

ಆರು ವರ್ಷವಾಯಿತು. ಈಗ ಆತ ವಾರದಲ್ಲಿ ನಾಲ್ಕು ದಿನ ತಂಗಿಯ ಮಗಳ ಸ್ಟುಡಿಯೋಗೆ ಹೋಗುತ್ತಾನೆ. ಜನ ಮನೆಯ ಅಟ್ಟಗಳಿಂದ ಇಳಿಸಿ ತಂದ ರೆಕಾರ್ಡುಗಳು ಅಲ್ಲಿಗೆ ಬರುತ್ತವೆ. ಆತ ಅವುಗಳನ್ನು ತೊಳೆದು ಒಣಗಿಸುತ್ತಾನೆ, ಪ್ರತಿ ಸಲವೂ ವೇಗ ನೋಡುತ್ತಾನೆ. ಆಕೆ ತಿದ್ದಿ ಮುಗಿಸಿದ ಪ್ರತಿಯನ್ನು ರೆಕಾರ್ಡಿನ ಪಕ್ಕಕ್ಕಿಟ್ಟು ಕೇಳಿ, ತಪ್ಪಿದೆ ಎನಿಸಿದ ಕಡೆಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾನೆ. ಕಳೆದ ವಾರ ನಾನು ಹೋದಾಗ ಇಬ್ಬರೂ ಜಗಳದಲ್ಲಿದ್ದರು.

"ಎರಡು ನಿಮಿಷ ಹದಿಮೂರರಲ್ಲಿ ಒಂದು ಉಸಿರಿತ್ತು. ಎಲ್ಲಿ ಹೋಯ್ತು?"

"ತೆಗೆದೆ ಮಾವ. ಕೊಳಲಿನವನು ಗೊರಕೆ ಹೊಡೆದ ಹಾಗಿತ್ತು."

"ಊದೋವನು ಉಸಿರು ತಗೊಳ್ಳದೇ ಊದ್ತಾನಾ?"

"ಗಿರಾಕಿ ಕೇಳಿದ್ರೆ ನೀವೇ ಉತ್ತರ ಹೇಳಿ ಮತ್ತೆ."

"ಹೇಳ್ತೀನಿ. ವಾಪಸ್ ಹಾಕು."

ಆಕೆ ಗೊಣಗುತ್ತಾ ಕಂಪ್ಯೂಟರಿನ ಕಡೆಗೆ ತಿರುಗಿದಳು. ಆತ ಮುಂದಿನ ತಟ್ಟೆಯನ್ನು ಲಕೋಟೆಯಿಂದ ಹೊರಗೆಳೆದು, ಅದರ ಮೇಲೆ ಯಾರದೋ ಮನೆಯ ಮಗು ಬಣ್ಣದ ಬಳಪದಲ್ಲಿ ಬರೆದ ಗೀಟುಗಳನ್ನು ನೋಡಿ, "ಇದಕ್ಕೆ ಉಗುರುಬೆಚ್ಚಗಿನ ನೀರು ಬೇಕು," ಎಂದುಕೊಂಡು ಒಳಗೆ ಹೋದ.