ಪೇಟಕ್ಕೂ ಟೋಪಿಗೂ ಒಂದೇ ತಲೆ

ಯಲಹಂಕದಿಂದ ಅಟ್ಟೂರಿನ ಕಡೆಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿಗೆ ಮಹಾರಾಜರ ಕಾಲದಿಂದಲೂ ಒಂದೇ ಮನೆಯವರು ಪಟೇಲರು. ಐವತ್ತರ ದಶಕದಲ್ಲಿ ಪಂಚಾಯ್ತಿ ಚುನಾವಣೆ ಬಂದಾಗ ಚೇರ್ಮನ್ನರೂ ಅವರೇ ಆದರು. ಎದುರು ನಿಲ್ಲುವ ಗಂಡಸು ಊರಿನಲ್ಲಿ ಹುಟ್ಟಿರಲಿಲ್ಲ. ಪಂಚಾಯ್ತಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ: ಊರಾಳುವ ಸಭೆಯೂ ಪಂಚಾಯ್ತಿ, ಜಗಳ ತೀರ್ಮಾನಿಸುವುದೂ ಪಂಚಾಯ್ತಿ. ಪಟೇಲರು ಎರಡನ್ನೂ ಮಾಡುತ್ತಿದ್ದರು. ಅರಳಿಕಟ್ಟೆಯ ನ್ಯಾಯಕ್ಕೆ ಜರಿಪೇಟ, ಸಭೆಗೆ ಬಿಳಿ ಟೋಪಿ. ಊರಿಗೆಲ್ಲ ಟೋಪಿ ಹಾಕುವ ಮೊದಲು ತಾವೇ ಒಂದು ಹಾಕಿಕೊಂಡಿದ್ದರು.

ಟೋಪಿ ಹಾಕಿಕೊಂಡು ಒಂದು ಕಾನೂನು ಮಾಡಿದರು: ಕೆರೆಯಂಗಳದಲ್ಲಿ ದನ ಮೇಯಬಾರದು. ಅವರ ಎಮ್ಮೆಗಳಿಗೆ ಅದು ಕೇಳಿಸಲಿಲ್ಲ. ನಮ್ಮ ಹಸುವನ್ನು ಮಾತ್ರ ಅವರ ಆಳು ಹಿಡಿದು ದೊಡ್ಡಿಗೆ ಕೂಡಿದ. ದೊಡ್ಡಿ ಎಂದರೆ ದನಗಳ ಜೈಲು. ಇನ್ನೂ ಹುಲ್ಲು ಕಚ್ಚಲು ಬಾರದ ಎಳೆಗರು ಮನೆಯಲ್ಲಿ ಹಸಿದು ಕೂಗುತ್ತಿತ್ತು. ಅಪ್ಪ ಇಲ್ಲದ ನಮ್ಮ ಮನೆ ನಡೆಯುತ್ತಿದ್ದದ್ದೂ ಆ ಹಸುವಿನಿಂದಲೇ.

ಬೆಳಿಗ್ಗೆ ಅವ್ವ ಕಟ್ಟೆಗೆ ಹೋದಳು. "ಅದು ಚೇರ್ಮನ್ನರ ಕಾನೂನು ಕಣಮ್ಮ, ಆಫೀಸ್ನಾಗೆ ಕೇಳು," ಎಂದಿತು ಪೇಟ. ಮಧ್ಯಾಹ್ನ ಆಫೀಸಿಗೆ ಹೋದಳು. "ಬಿಡೋದೋ ಬ್ಯಾಡ್ವೋ ಕಟ್ಟೇಲಿ ತೀರ್ಮಾನ ಆಗ್ಬೇಕು," ಎಂದಿತು ಟೋಪಿ.

ನನಗೆ ಮೈ ಉರಿಯಿತು. ನೆನೆದರೆ ಈಗಲೂ ಉರಿಯುತ್ತದೆ. ನಾನಾಗ ಯಲಹಂಕದ ಹೈಸ್ಕೂಲಿನಲ್ಲಿ ಪೌರನೀತಿ ಓದುತ್ತಿದ್ದೆ. ರಾಜನಾಳ್ವಿಕೆಯಲ್ಲಿ ಕಾನೂನು, ಆಡಳಿತ, ನ್ಯಾಯ ಮೂರೂ ರಾಜನದೇ. ಅಮೆರಿಕದಲ್ಲಿ ಮಂತ್ರಿಗೆ ಶಾಸನಸಭೆಯಲ್ಲಿ ಕುರ್ಚಿಯೇ ಇಲ್ಲ. ನಮ್ಮಲ್ಲಿ ಕಾನೂನು ಮಾಡುವವರ ನಡುವೆಯೇ ಮಂತ್ರಿಯೂ ಕೂರುತ್ತಾನೆ. ಆದರೆ ತೀರ್ಪು ಹೇಳುವವನು ಅಲ್ಲೂ ಬೇರೆ, ಇಲ್ಲೂ ಬೇರೆ. ನಮ್ಮೂರಿನಿಂದ ಮಾತ್ರ ಮಹಾರಾಜರು ಇನ್ನೂ ಹೋಗಿಯೇ ಇರಲಿಲ್ಲ.

ಸಂಜೆ ಕರುವನ್ನೂ ಹಿಡಿದುಕೊಂಡು ಅವ್ವನ ಜೊತೆ ಕಟ್ಟೆಗೆ ಹೋದೆ. ಊರ ಗಂಡಸರೆಲ್ಲ ಸೇರಿದ್ದರು.

"ಕಾನೂನ್ ಮಾಡ್ದೋರು ನೀವೇ, ಹಿಡಿಸ್ದೋರು ನೀವೇ, ನ್ಯಾಯ ಹೇಳೋಕೆ ಕೂತಿರೋರೂ ನೀವೇ. ಇದ್ಯಾವ ಸೀಮೆ ನ್ಯಾಯ ಪಟೇಲ್ರೇ?" ಎಂದೆ.

"ನಾಕಕ್ಷರ ಕಲ್ತಿದ್ದಕ್ಕೆ ಇಂಗಾಡ್ತೀಯಾ? ಚೇರ್ಮನ್ನು ಬೇರೆ, ಪಟೇಲ ಬೇರೆ ಕಣೇ."

"ಬೇರೆ ಅಂದ್ರೆ ಚೇರ್ಮನ್ನರನ್ನ ಕರೆಸಿ. ಅವರ ಎಮ್ಮೆಗಳೂ ಕೆರೇಲೇ ಮೇಯ್ತವೆ. ಅವನ್ನೂ ದೊಡ್ಡಿಗೆ ಹಾಕ್ಸಿ."

ಹಿಂದೆ ಯಾರೋ ಕಿಸಕ್ಕೆಂದರು. ಪಟೇಲರ ಕೈ ತಾನಾಗಿ ಪೇಟ ಮುಟ್ಟಿ ನೋಡಿಕೊಂಡಿತು. ಅಷ್ಟರಲ್ಲಿ ಅವ್ವ ಮುಂದೆ ಬಂದಳು.

"ಪೇಟಾನೂ ಬ್ಯಾಡ, ಟೋಪೀನೂ ಬ್ಯಾಡ. ಬರೀ ತಲೇಲಿ ನ್ಯಾಯ ಏಳಿ. ಅಸ ಮೇಯ್ತು ಅಂತೀರ. ಈ ಕರ ಏನ್ ತೆಪ್ಪು ಮಾಡ್ತು?"

ಉತ್ತರಕ್ಕೆ ಅವಳು ಕಾಯಲಿಲ್ಲ. ಪಕ್ಕದಲ್ಲೇ ಇದ್ದ ದೊಡ್ಡಿಗೆ ನಡೆದು ಬಾಗಿಲಿನ ಅಡ್ಡಮರಗಳನ್ನು ಎಳೆದು ಬಿಸಾಡಿದಳು. ತಡೆಯಲು ಯಾರೂ ಏಳಲಿಲ್ಲ. ಆಳು ಕೂಡ ಪಟೇಲರ ಮುಖ ನೋಡುತ್ತಾ ನಿಂತಿದ್ದ.

"ಕೋರ್ಟಿಗೆ ಎಳೀತೀನಿ ನಿನ್ನ!" ಎಂದು ಪಟೇಲರು ಕೂಗಿದರು.

"ಎಳೀರಿ," ಎಂದಳು ಅವ್ವ ಹಸುವಿನ ಹಗ್ಗ ಹಿಡಿದು. "ಅಲ್ಲಿ ಕೂರೋರು ನೀವಲ್ಲ."

ಕರು ಬೀದಿಯಲ್ಲೇ ಕೆಚ್ಚಲಿಗೆ ಬಾಯಿ ಹಾಕಿತು. ಅದು ಕುಡಿದು ಮುಗಿಸುವವರೆಗೆ ನಾವು ಕಟ್ಟೆಯೆದುರೇ ನಿಂತೆವು. ಕೇಸು ಬರಲೇ ಇಲ್ಲ. ಕೋರ್ಟಿನಲ್ಲಾದರೆ ಜಡ್ಜಿಯ ಮುಂದೆ ಪಟೇಲರೂ ನಮ್ಮ ಹಾಗೆಯೇ ನಿಲ್ಲಬೇಕಿತ್ತು.