ಅಕ್ಕೋರ ಹೆಸರು ತೆಗೆದ ದಿನ

ಕಳೆದ ತಿಂಗಳು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಮುಂದೆ ಕೂತಿದ್ದ ಹೆಂಗಸೊಬ್ಬಳು ತಲೆನೋವಿನ ಮುಲಾಮಿನ ಡಬ್ಬಿ ತೆರೆದು ಹಣೆಗೆ ತಿಕ್ಕಿಕೊಂಡಳು. ಕಿಟಕಿಯ ಗಾಳಿಗೆ ಆ ಖಾರ ವಾಸನೆ ನೇರ ನನ್ನ ಮುಖಕ್ಕೆ ಬಂತು. ಕೂತಲ್ಲೇ ನನ್ನ ಬೆನ್ನು ನೆಟ್ಟಗಾಯಿತು. ಯಾರೋ ಹಿಂದೆ ನಿಂತು ನನ್ನ ಬೆರಳುಗಳನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅಕ್ಕೋರು ತೀರಿಕೊಂಡು ಎಷ್ಟೋ ದಿನವಾಗಿದೆ, ಆ ಹೆದರಿಕೆ ಮಾತ್ರ ಇನ್ನೂ ಬಿಟ್ಟಿಲ್ಲ...

ನರಗುಂದದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಅವರು ಕಂಪ್ಯೂಟರುಗಳ ಮೇಲುಸ್ತುವಾರಿ ನೋಡುತ್ತಿದ್ದರು. ಮೊದಲು ಯಾವುದೋ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವರು, ಪ್ರಿನ್ಸಿಪಾಲರ ಜೊತೆ ಜಗಳವಾಡಿ ಬಿಟ್ಟು ಬಂದಿದ್ದರಂತೆ. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಕೆಲಸ ಬಿಟ್ಟರೂ ಆ ಹೆಸರು ಅವರನ್ನು ಬಿಡಲಿಲ್ಲ. ಲ್ಯಾಬಿನ ಮಾಲೀಕರೂ ಅಕ್ಕೋರ ಅಂತಲೇ ಕರೆಯುತ್ತಿದ್ದರು. ಊರು ಗಜೇಂದ್ರಗಡ. ಮದುವೆಯಾಗಿರಲಿಲ್ಲ. ಸರ್ವರ್ ಇಟ್ಟಿದ್ದ ಕೋಣೆಯ ತಂಪಿಗೆ ಅವರಿಗೆ ಸದಾ ತಲೆ ಹಿಡಿಯುತ್ತಿತ್ತು. ಸೀರೆಯ ಮೇಲೊಂದು ಸ್ವೆಟರ್ ಹಾಕಿಕೊಂಡು, ಹಣೆಗೆ ಮುಲಾಮು ಬಳಿದುಕೊಂಡು ಇಡೀ ದಿನ ಅಲ್ಲೇ ಕೂರುತ್ತಿದ್ದರು. ಅವರ ಕೈಕೆಳಗೆ ಇದ್ದದ್ದು ನಾನು ಮತ್ತು ಈರಣ್ಣ, ಇಬ್ಬರೇ.

ಲ್ಯಾಬಿಗೆ ರೋಣದಲ್ಲೂ ಗಜೇಂದ್ರಗಡದಲ್ಲೂ ಶಾಖೆಗಳಿದ್ದವು. ಎಲ್ಲ ಕಡೆಯ ಕಂಪ್ಯೂಟರುಗಳಿಗೂ ಒಂದೇ ಮಾಹಿತಿ ಬೇಕು. ರೋಗಿಗಳ ದಾಖಲೆ ಯಾವ ಪಾಸ್‌ವರ್ಡಿಗೆ ತೆರೆಯುತ್ತದೆ, ರಿಪೋರ್ಟು ಯಾವ ವಿಳಾಸಕ್ಕೆ ಹೋಗಬೇಕು, ಇಂಥವು. ಒಂದೊಂದು ಕಂಪ್ಯೂಟರಿನಲ್ಲೂ ಬರೆದಿಡುವ ಬದಲು ಅಕ್ಕೋರು ಅದೆಲ್ಲವನ್ನೂ ಸರ್ವರಿನಲ್ಲಿ ಒಂದೇ ಕಡೆ ಇಟ್ಟು, ಯಾರಿಗೂ ಓದಲು ಬಾರದ ಹಾಗೆ ಕೀಲಿ ಹಾಕಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಚೀಲ. ಚೀಲದ ಮೇಲೆ ಯಾರ ಹೆಸರಿದೆಯೋ, ಯಾವ ಕಂಪ್ಯೂಟರಿನ ಹೆಸರಿದೆಯೋ ಅವರಿಗೆ ಮಾತ್ರ ಅದರ ಕೀಲಿ ಸಿಕ್ಕು ಚೀಲ ತೆರೆಯುತ್ತಿತ್ತು. ಹೊಸ ಹೆಸರು ಸೇರಿಸುವುದು, ಇದ್ದ ಹೆಸರು ತೆಗೆಯುವುದು ಅಕ್ಕೋರೊಬ್ಬರಿಗೇ ಸಾಧ್ಯವಿತ್ತು. ಒತ್ತಲು ಗುಂಡಿ, ನೋಡಲು ಚಿತ್ರ ಯಾವುದೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪು ಮಾಡಬೇಕು. ಒಂದು ಅಕ್ಷರ ತಪ್ಪಿದರೂ ಕೆಲಸ ಕೆಟ್ಟಿತು.

ತಪ್ಪಿದಾಗ ಅವರು ಬೈಯುತ್ತಿದ್ದ ರೀತಿ... ಅದನ್ನು ಬೈಗುಳ ಅನ್ನಬೇಕೋ ಏನನ್ನಬೇಕೋ ತಿಳಿಯದು. ನಮ್ಮಪ್ಪ ನರಗುಂದದ ಸಂತೆಯಲ್ಲಿ ಬಳೆ ಮಾರುತ್ತಿದ್ದ. ಕೆಲಸಕ್ಕೆ ಸೇರಿದ ಮೊದಲ ದಿನ ಕೈತುಂಬ ಬಳೆ ತೊಡಿಸಿ ಕಳಿಸಿದ್ದ. ನಾನು ಕೀಲಿಮಣೆಯ ಮೇಲೆ ಕೈ ಇಟ್ಟ ಕೂಡಲೇ ಅಕ್ಕೋರು, "ಮುಮ್ತಾಜ, ಬಳಿ ತಗದ ಕುಂದ್ರು. ನಿಮ್ಮಪ್ಪನ ಅಂಗಡಿ ಇಲ್ಲಿ ಹಚ್ಚಬ್ಯಾಡ," ಅಂದರು. ನಾನು ತೆಗೆದೆ. ಒಂದು ಬಳೆ ಚಿಟ್ಟೆಂದು ಒಡೆದು ಮುಂಗೈಗೆ ಗೀರಿತು. ರಕ್ತ ತಾಗಿದ ಕೀಲಿಮಣೆಯನ್ನು ಅಕ್ಕೋರು ಹತ್ತಿಯಿಂದ ಒರೆಸಿದರು. ಕೈ ಒರೆಸಲಿಲ್ಲ.

ಅವರ ಒಂದು ನಿಯಮವಿತ್ತು. ಟೈಪು ಮಾಡಿದ ಆಜ್ಞೆಯನ್ನು ಎಂಟರ್ ಒತ್ತುವ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು. ಓದುವಾಗ ದನಿ ನಡುಗಿದರೆ ಅಳಿಸಿ ಮೊದಲಿನಿಂದ. ಹಾಗೆ ಓದಿ ಓದಿ ಎಷ್ಟೋ ತಿಂಗಳ ಮೇಲೆ ಒಂದು ದಿನ ಅವರು ನನ್ನ ಹೆಸರನ್ನು ಚೀಲಕ್ಕೆ ಸೇರಿಸಿದರು. ಹೊಗಳಲಿಲ್ಲ, ನಗಲಿಲ್ಲ. ಇನ್ನು ನೀನೂ ತೆರೆಯಬಹುದು ಎಂದಷ್ಟೇ ಹೇಳಿದರು. ನಾನು ಅಂದು ಮನೆಗೆ ಹೋಗುವಾಗ ಪೇಢೆ ಕೊಂಡು ಹೋದೆ. ಏನು ಸಿಹಿ ಸುದ್ದಿ ಎಂದು ಅಮ್ಮೀ ಕೇಳಿದರೆ ವಿವರಿಸಲು ನನಗೆ ಬರಲಿಲ್ಲ.

ಈರಣ್ಣ ಶಿರೋಳದವನು. ನನಗಿಂತ ಚುರುಕು, ನನಗಿಂತ ಅವಸರ. ಒಮ್ಮೆ ರೋಣದ ಶಾಖೆಯವರು ಗಡಿಬಿಡಿ ಮಾಡಿದರೆಂದು ದಾಖಲೆಯ ಪಾಸ್‌ವರ್ಡನ್ನು ಹಾಗೇ ಬಿಚ್ಚಿ, ಎಲ್ಲರೂ ಇರುವ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟ. ಅಕ್ಕೋರು ಅವನನ್ನು ಒಳಗೆ ಕರೆದು ಬೈಯಲಿಲ್ಲ. ಹೊರಗಿನ ಹಜಾರಕ್ಕೆ ಕರೆದೊಯ್ದು, ರಕ್ತ ಕೊಡಲು ಕೂತಿದ್ದ ಜನರ ನಡುವೆ ನಿಲ್ಲಿಸಿದರು. ಕಸ ಗುಡಿಸುತ್ತಿದ್ದ ಯಲ್ಲವ್ವನನ್ನು ಕರೆದು, ನಿನ್ನ ಮನೆಯ ಕೀಲಿ ಬಸ್‌ಸ್ಟ್ಯಾಂಡಿನಲ್ಲಿ ತೂಗುಹಾಕುತ್ತೀಯೇನು ಎಂದು ಕೇಳಿದರು. ಆಕೆ ಇಲ್ಲವೆಂದಳು.

"ನೋಡ್ರಿ," ಅಂದರು ಅಕ್ಕೋರು, ಕೂತ ಜನರ ಕಡೆ ತಿರುಗಿ. "ಕಸಾ ಹೊಡಿಯಾಕಿಗೆ ತಿಳದದ್ದು ನಮ್ಮ ಇಂಜಿನಿಯರಗ ತಿಳಿವಲ್ದು."

ಯಾರೋ ನಕ್ಕರು. ಯಲ್ಲವ್ವ ನಗುವುದೋ ಬೇಡವೋ ತಿಳಿಯದೆ ನೆಲ ನೋಡಿದಳು. ಈರಣ್ಣನ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಅಲ್ಲಿಗೂ ಮುಗಿಯಲಿಲ್ಲ. ಪಾಸ್‌ವರ್ಡು ಬದಲಿಸಿದರು, ಜೊತೆಗೆ ಅವನ ಹೆಸರನ್ನು ಚೀಲದಿಂದ ತೆಗೆದರು. ಮಳೆಗಾಲ ಮುಗಿಯುವವರೆಗೂ ಅವನು ಪ್ರತಿ ಸಣ್ಣ ಕೆಲಸಕ್ಕೂ ನನ್ನ ಬಳಿ ಬಂದು, ಸ್ವಲ್ಪ ತೆಗೆದುಕೊಡು ಎಂದು ಕೇಳಬೇಕಾಯಿತು. ಮುಂದೆ ಮತ್ತೆ ಸೇರಿಸಿಕೊಂಡರು. ಆದರೆ ಅವನು ಆಮೇಲೆ ಅವರೆದುರು ಒಂದು ದಿನವೂ ನಕ್ಕದ್ದನ್ನು ನಾನು ನೋಡಲಿಲ್ಲ.

ಅಕ್ಕೋರಿಗೆ ಲಕ್ವಾ ಹೊಡೆದದ್ದು ರೋಣದ ಶಾಖೆಗೆ ಹೋದಾಗ, ಬಸ್ಸಿನಿಂದ ಇಳಿಯುವ ಹೊತ್ತಿಗೆ. ಬಲಗೈ ಬಲಗಾಲು ಹೋದವು, ನಾಲಿಗೆ ತೊದಲಿತು. ಗದಗಿನ ದವಾಖಾನೆಗೆ ಸೇರಿಸಿದರು. ಅವರ ತಮ್ಮನ ಹೆಂಡತಿ ಗಜೇಂದ್ರಗಡದಿಂದ ಬಂದು ಜೊತೆಗೆ ನಿಂತರು. ಅದೇ ದಿನಗಳಲ್ಲಿ ಲ್ಯಾಬಿಗೆ ಹೊರಗಿನಿಂದ ಹೊಸ ಮ್ಯಾನೇಜರ್ ಬಂದಿದ್ದರು. ರೋಣದಲ್ಲಿ ಕಂಪ್ಯೂಟರ್ ಸುಟ್ಟು ಹೊಸದನ್ನು ತರಿಸಿದ್ದರು. ಆದರೆ ಅದರ ಹೆಸರು ಚೀಲದಲ್ಲಿಲ್ಲ. ಹಾಗಾಗಿ ರೋಣದ ಒಂದು ರಿಪೋರ್ಟೂ ಹೊರಗೆ ಬರುತ್ತಿರಲಿಲ್ಲ. ಜನ ಬಾಗಿಲಿಗೆ ಬಂದು ಕೂಗಾಡತೊಡಗಿದ್ದರು. ಹೆಸರು ಸೇರಿಸಬಲ್ಲವರು ಒಬ್ಬರೇ, ಅವರ ಲ್ಯಾಪ್‌ಟಾಪ್ ತೆರೆಯುವ ಗುಟ್ಟಿನ ಮಾತು ಗೊತ್ತಿದ್ದದ್ದೂ ಅವರಿಗೊಬ್ಬರಿಗೇ. ಮ್ಯಾನೇಜರು ಈರಣ್ಣನನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಗದಗಿಗೆ ಹೊರಟರು. ಹೆಣ್ಣುಮಕ್ಕಳ ವಾರ್ಡು, ಒಬ್ಬ ಹೆಂಗಸು ಜೊತೆಗಿರಲಿ ಎಂದು ನನ್ನನ್ನು ಕರೆದದ್ದು.

ನಮ್ಮನ್ನು ಕಂಡು ಅಕ್ಕೋರ ಅರ್ಧ ಮುಖ ಅರಳಿತು. ಇನ್ನರ್ಧ ಹಾಗೇ ಜೋತಿತ್ತು. ನೋಡಲು ಬಂದಿದ್ದಾರೆ ಎಂದು ತಿಳಿದರು. ಎಡಗೈಯಿಂದ ಸೆರಗು ಸರಿ ಮಾಡಿಕೊಳ್ಳಲು ಹೆಣಗಿದರು. ತಮ್ಮನ ಹೆಂಡತಿ ಕುರ್ಚಿ ತರಲು ಓಡಿದರು. ಮ್ಯಾನೇಜರು ಎಳನೀರು ಮೇಜಿನ ಮೇಲಿಟ್ಟು, ಆರೋಗ್ಯ ಹೇಗಿದೆ ಎಂದು ಕೇಳಿ, ಉತ್ತರ ಬರುವ ಮೊದಲೇ ಮಂಚದ ಬಳಿಯಿದ್ದ ಅಕ್ಕೋರ ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲೆ ತೆರೆದಿಟ್ಟರು.

ಅಕ್ಕೋರು ಮಾತಿಲ್ಲದೆ ಟೈಪು ಮಾಡಿದರು. ಎಡಗೈಯ ಒಂದೇ ಬೆರಳಿನಿಂದ, ಒಂದೊಂದು ಅಕ್ಷರವನ್ನೂ ಹುಡುಕಿ. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ತಮ್ಮನ ಹೆಂಡತಿ ಒರೆಸುತ್ತಿದ್ದರು. ಎರಡು ಸಲ ತಪ್ಪಾಯಿತು. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಮೂರನೆಯ ಸಲ ತೆರೆಯಿತು. ಅಕ್ಕೋರು ಸಣ್ಣ ಹುಡುಗಿಯ ಹಾಗೆ ನನ್ನ ಮುಖ ನೋಡಿದರು.

ಈರಣ್ಣ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ರೋಣದ ಕಂಪ್ಯೂಟರನ್ನು ಸೇರಿಸಿದ. ಆಮೇಲೆ ಹೆಸರು ಸೇರಿಸುವ, ತೆಗೆಯುವ ಅಧಿಕಾರವನ್ನು ಮ್ಯಾನೇಜರ ಹೆಸರಿಗೂ ತನ್ನ ಹೆಸರಿಗೂ ಕೊಟ್ಟ. ಅಷ್ಟಕ್ಕೇ ಕೆಲಸ ಮುಗಿದಿತ್ತು. ಮ್ಯಾನೇಜರು ಅವನ ಕಡೆ ನೋಡಿ ತಲೆಯಾಡಿಸಿದರು. ಕಾರಿನಲ್ಲೇ ಮಾತಾಗಿತ್ತು ಅನ್ನಿಸುತ್ತದೆ, ನಾನು ಹಿಂದಿನ ಸೀಟಿನಲ್ಲಿದ್ದೆ... ಈರಣ್ಣ ಇನ್ನೊಂದು ಆಜ್ಞೆ ಟೈಪು ಮಾಡಿದ. ಬೇಕೆಂದಿದ್ದರೆ ಅದನ್ನು ಹೊರಗೆ ವರಾಂಡದಲ್ಲಿ ಮಾಡಬಹುದಿತ್ತು. ಅವನು ಮಾಡಲಿಲ್ಲ. ಪರದೆಯನ್ನು ಮತ್ತೆ ಅಕ್ಕೋರಿಗೆ ಕಾಣುವ ಹಾಗೆ ತಿರುಗಿಸಿ, ಅವರೇ ಕಲಿಸಿದ ಹಾಗೆ, ಎಂಟರ್ ಒತ್ತುವ ಮೊದಲು ಗಟ್ಟಿಯಾಗಿ ಓದಿದ. ದನಿ ಸ್ವಲ್ಪವೂ ನಡುಗಲಿಲ್ಲ. ಚೀಲದಿಂದ ತೆಗೆಯಬೇಕಾದ ಹೆಸರು ಎಂದು ಅಕ್ಕೋರ ಪೂರ್ತಿ ಹೆಸರನ್ನು ಓದಿದ.

"ಒತ್ತಲ್ರಿ ಅಕ್ಕೋರ?"

ಅವರು ಪರದೆ ನೋಡುತ್ತಿದ್ದರು. ಅದು ಅವರಿಗೆ ಎಂಥ ಪೆಟ್ಟು ಎಂಬುದು ಮ್ಯಾನೇಜರಿಗೂ ಸರಿಯಾಗಿ ತಿಳಿದಿರಲಿಲ್ಲ. ತಮ್ಮನ ಹೆಂಡತಿಯಂತೂ ಎಳನೀರಿಗೆ ಲೋಟ ತೊಳೆಯುತ್ತಿದ್ದರು. ನಾನು ಅವನ ತೋಳು ಹಿಡಿದೆ. ಈರಣ್ಣ ತೋಳು ಕೊಡವಿ ಒತ್ತಿದ.

ಅಕ್ಕೋರ ತುಟಿ ಅಲುಗಿತು. "ಕೀ... ಲಿ," ಅಂದರು.

ತಮ್ಮನ ಹೆಂಡತಿ ಓಡಿ ಬಂದು, ನಿಮ್ಮ ಕೋಣೆಯ ಕೀಲಿ ನನ್ನ ಹತ್ತಿರವೇ ಇದೆ, ಚಿಂತೆ ಬೇಡ ಎಂದು ಸಮಾಧಾನ ಹೇಳಿದರು. ಅಕ್ಕೋರು ತಲೆ ಅಲ್ಲಾಡಿಸಿದರು. ಆ ಕಣ್ಣುಗಳಿಗೆ ಹಳೆಯ ಸಿಟ್ಟು ಬಂದದ್ದನ್ನು ನಾನು ನೋಡಿದೆ. ಎಡಗೈ ಎತ್ತಿ ಈರಣ್ಣನ ಕಡೆ ತೋರಿಸಿದರು. ಒಂದೊಂದು ಮಾತನ್ನೂ ಬಾಯಿಯಿಂದ ಎಳೆದು ತೆಗೆದರು.

"ಹೆಸರ... ತಗದಿ. ಕೀಲಿ... ಬದಲ ಮಾಡ್ಲಿಲ್ಲ. ನನ್ನ ಹಂತೇಕ... ಹಳೀ ಕೀಲಿ ಐತಿ. ಮೂರ್ಖಾ."

ಖರೆ ಇತ್ತು. ಹೆಸರು ತೆಗೆದರೆ ಸಾಲದು, ಕೀಲಿಯನ್ನೂ ಹೊಸದು ಮಾಡಬೇಕು. ಇಲ್ಲದಿದ್ದರೆ ಹೆಸರು ಹೋದವರು ಹಳೆಯ ಕೀಲಿಯಿಂದಲೇ ತೆರೆಯಬಹುದು. ನಮಗೆ ಮೊದಲ ವಾರ ಕಲಿಸಿದ ಪಾಠ ಅದು. ಈರಣ್ಣ ಆತುರದಲ್ಲಿ ಬಿಟ್ಟಿದ್ದ. ಅವರು ಸುಮ್ಮನಿದ್ದಿದ್ದರೆ ಒಂದು ಬಾಗಿಲು ಅವರ ಪಾಲಿಗೆ ತೆರೆದೇ ಇರುತ್ತಿತ್ತು. ಅವನ ಕೈ ಒಂದು ಕ್ಷಣ ನಿಂತಿತು. ನಂತರ ಕೀಲಿ ಬದಲಿಸುವ ಆಜ್ಞೆ ಟೈಪು ಮಾಡಿದ. ಓದು ಎನ್ನುವಂತೆ ಅಕ್ಕೋರು ಬೆರಳು ಅಲ್ಲಾಡಿಸಿದರು. ಈ ಸಲ ಅವನ ದನಿ ಕಟ್ಟಿತು. ಅವರು ಮತ್ತೆ ಬೆರಳು ಅಲ್ಲಾಡಿಸಿದರು. ಅವನು ಅಳಿಸಿ, ಮೊದಲಿನಿಂದ ಟೈಪು ಮಾಡಿ, ಸರಿಯಾಗಿ ಓದಿ, ಒತ್ತಿದ. ಅಕ್ಕೋರು ಕಣ್ಣು ಮುಚ್ಚಿಕೊಂಡರು.

ಮ್ಯಾನೇಜರು ಏನಾಯಿತೆಂದು ಕೇಳಿದರು. ಇನ್ನು ಇವರಿಗೆ ಯಾವ ರೀತಿಯಿಂದಲೂ ತೆರೆಯಲು ಬರುವುದಿಲ್ಲ ಸರ್ ಎಂದ ಈರಣ್ಣ. ಚಲೋ ಆಯಿತು ಎಂದರು ಅವರು. ಲ್ಯಾಪ್‌ಟಾಪ್ ಲ್ಯಾಬಿನದು ಎಂದು ಅದನ್ನೂ ತೆಗೆದುಕೊಂಡರು. ತಮ್ಮನ ಹೆಂಡತಿಯೇ ಅದರ ಬ್ಯಾಗು ತಂದುಕೊಟ್ಟರು. ಅದರೊಳಗಿದ್ದ ಅಕ್ಕೋರ ಸ್ವೆಟರನ್ನು ಮಾತ್ರ ತೆಗೆದು ದಿಂಬಿನ ಬಳಿ ಇಟ್ಟುಕೊಂಡರು.

ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿ ಇಬ್ಬರೂ ಗಿರಮಿಟ್ಟು, ಮಿರ್ಚಿ ತಿಂದರು. "ಲಕ್ವಾ ಹೊಡದರೂ ಆಕಿ ಬೈಯೂದ ಬಿಟ್ಟಿಲ್ಲ ನೋಡ್ರಿ ಸರ್," ಅಂದ ಈರಣ್ಣ. ಮ್ಯಾನೇಜರು ನಕ್ಕರು. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಮಿರ್ಚಿ ಖಾರ ಎಂದ.

ಅಕ್ಕೋರನ್ನು ಅವರ ತಮ್ಮ ಗಜೇಂದ್ರಗಡದ ಮನೆಗೆ ಕರೆದೊಯ್ದ. ಅವರಿಗೆ ವಿಶ್ರಾಂತಿ ಬೇಕು, ಯಾರೂ ಹೋಗಿ ತೊಂದರೆ ಕೊಡಬಾರದು ಎಂದು ಮ್ಯಾನೇಜರು ಎಲ್ಲರಿಗೂ ಹೇಳಿದರು. ಹೇಳಿದ್ದು ಎಲ್ಲರಿಗೂ ಅನುಕೂಲವೇ ಆಯಿತು. ಮರುವರ್ಷ ಅಕ್ಕೋರು ತೀರಿಕೊಂಡ ಸುದ್ದಿ ವಾಟ್ಸಾಪ್ ಗುಂಪಿಗೆ ಬಂತು. ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಅವುಗಳ ನಡುವೆಯೇ ಭಾನುವಾರ ಯಾರ ಡ್ಯೂಟಿ ಎಂಬ ಪ್ರಶ್ನೆ, ಅದಕ್ಕೆ ಉತ್ತರ.

ಕಳೆದ ತಿಂಗಳು, ಆ ಮುಲಾಮಿನ ವಾಸನೆ ಹೊತ್ತುಕೊಂಡೇ ಬಸ್ಸಿಳಿದೆ. ಶಾಖೆಯ ಕೆಲಸ ಮುಗಿಸಿ, ಕೇಳುತ್ತ ಕೇಳುತ್ತ ಅವರ ಮನೆ ಹುಡುಕಿಕೊಂಡು ಹೋದೆ. ಮಗ್ಗದ ಸಪ್ಪಳ ಬರುತ್ತಿದ್ದ ಓಣಿಯ ಕೊನೆಯ ಮನೆ. ತಮ್ಮನ ಹೆಂಡತಿ ನನ್ನನ್ನು ಕೂಡಲೇ ಗುರುತಿಸಿದರು. ದವಾಖಾನೆಗೆ ಬಂದವರು ನೀವಲ್ಲವೇ ಎಂದರು. ಅದರಲ್ಲಿ ಕಹಿ ಇರಲಿಲ್ಲ. ಆವತ್ತು ನಡೆದದ್ದೇನೆಂದು ಅವರಿಗೆ ಇಂದಿಗೂ ತಿಳಿದಿಲ್ಲ. ನಾವು ನೋಡಲು ಬಂದಿದ್ದೆವು ಎಂದೇ ತಿಳಿದಿದ್ದಾರೆ.

ಅಕ್ಕೋರು ಇಲ್ಲಿ ಹೇಗಿದ್ದರು ಎಂದು ಕೇಳಿದೆ.

"ದಿನಾ ಸಂಜೀಕ ಕೇಳ್ತಿದ್ರರಿ, ಲ್ಯಾಬಿನಿಂದ ಯಾರರ ಬಂದಿದ್ರೇನು ಅಂತ. ಇಲ್ಲ ಅಂದ್ರ ಊಟಾ ಬಿಡ್ತಿದ್ರು. ಅದಕ್ಕ ಒಂದಿನಾ ನಾವ, ಬಂದಿದ್ರು, ನೀವು ಮಕ್ಕೊಂಡಿದ್ರಿ, ಎಬ್ಬಸೂದ ಬ್ಯಾಡ ಅಂತ ಹೋದ್ರು ಅಂತ ಹೇಳಿದ್ವಿ."

ನಾನು ತಲೆಯಾಡಿಸಿದೆ.

"ಹೇಳಬಾರದಿತ್ತರಿ. ಅವತ್ತಿನಿಂದ ಮಧ್ಯಾನ ಮಕ್ಕೊಳ್ಳೂದ ಬಿಟ್ರು. ಈ ಬಾಗಲದಾಗ ಕುರ್ಚಿ ಹಾಕಿಸಿಕೊಂಡು ಕುಂದ್ರತಿದ್ರು. ಕಣ್ಣ ಹತ್ತಿದ್ರ ತಮ್ಮ ಕೈ ತಾವ ಚಿವುಟಿಕೊಳ್ತಿದ್ರು. ಡಾಕ್ಟರ್ ನಿದ್ದಿ ಮಾಡ್ರಿ ಅಂದ್ರೂ ಕೇಳ್ಲಿಲ್ಲ. ಕಡೀಗೆ ಕುರ್ಚಿಯಾಗ ಹೋದ್ರು. ಕಣ್ಣ ತೆರದ ಇದ್ವು."

ಕುರ್ಚಿ ಈಗಲೂ ಬಾಗಿಲ ಬಳಿಯೇ ಇತ್ತು. ಕೂತುಕೊಳ್ಳಿ, ಚಹಾ ಮಾಡುತ್ತೇನೆ ಎಂದು ಅದನ್ನೇ ನನ್ನ ಕಡೆ ಸರಿಸಿ ಅವರು ಒಳಗೆ ಹೋದರು. ಚಹಾ ಬರುವವರೆಗೂ ನಾನು ನಿಂತೇ ಇದ್ದೆ.